ದೀಪ ಹಚ್ಚಿದ ಮೇಲೆ ಹೆಪ್ಪು

ಮೊನ್ನೆ ಯುಗಾದಿಯ ಮಧ್ಯಾಹ್ನ ಒಬ್ಬಟ್ಟು ತಿಂದು, ಗೋಡೆಗೆ ಬೆನ್ನು ಕೊಟ್ಟು ತೂಕಡಿಸುತ್ತಿದ್ದೆ. ಹೆಂಡತಿ ಬಂದು ನನ್ನ ಮುಂದೆ ಒಂದು ಪುಟ್ಟ ಸ್ಟೀಲ್ ಬಟ್ಟಲನ್ನು ಇಟ್ಟಳು. ಖಾಲಿ ಬಟ್ಟಲು. ವಾರದ ಮಟ್ಟಿಗೆ ತವರಿಗೆ ಹೋಗಿದ್ದವಳು ಹಿಂದಿನ ದಿನವಷ್ಟೇ ಬಂದಿದ್ದಳು. ಆ ವಾರದಲ್ಲಿ ನಾನು ಮೊಸರಿನ ಪಾತ್ರೆಯನ್ನು ತಳ ಕಾಣುವ ತನಕ ಖಾಲಿ ಮಾಡಿ, ಚೆನ್ನಾಗಿ ತೊಳೆದು ಬೋರಲು ಹಾಕಿದ್ದೆ. ತೊಳೆದದ್ದಕ್ಕೆ ಒಂದು ಒಳ್ಳೆ ಮಾತು ಬರುತ್ತದೆಂದು ಕಾದವನಿಗೆ ಸಿಕ್ಕಿದ್ದು, ಹೆಪ್ಪಿಗೆಂದು ಒಂದು ಚಮಚ ಉಳಿಸುವ ಬುದ್ಧಿಯೂ ಇಲ್ಲವೇ ಎಂಬ ಬೈಗುಳ.

ಅಂಗಡಿಯಿಂದ ಮೊಸರಿನ ಪ್ಯಾಕೆಟ್ ತರುತ್ತೇನೆಂದೆ. ಪ್ಯಾಕೆಟ್ ಮೊಸರು ಹಾಕಿದರೆ ಲೋಳೆ ಲೋಳೆ ಆಗುತ್ತದೆ, ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ ಪುಟ್ಟಸ್ವಾಮಿ ಮನೆಯಲ್ಲಿ ಒಂದು ಚಮಚ ಕೇಳಿ ತನ್ನಿ ಎಂದಳು. "ದೀಪ ಹಚ್ಚೋಕೆ ಮುಂಚೆ ಹೋಗಿ ಬನ್ನಿ. ಆಮೇಲೆ ಯಾರೂ ಕೊಡಲ್ಲ."

ಪುಟ್ಟಸ್ವಾಮಿ ನನ್ನ ಕೈಕೆಳಗಿನ ಲೈನ್‌ಮನ್. ನಾನು ಚಾಮರಾಜನಗರದ ಕರೆಂಟ್ ಆಫೀಸಿನಲ್ಲಿ ಸೆಕ್ಷನ್ ಆಫೀಸರ್. ಬೇರೆ ಯಾವ ದಿನವಾದರೂ ಹೋಗಿಬಿಡುತ್ತಿದ್ದೆನೋ ಏನೋ. ಆದರೆ ಅವತ್ತು ಬೆಳಿಗ್ಗೆ ತಾನೇ ನಮ್ಮ ಲೈನ್‌ಮನ್‌ಗಳ ವಾಟ್ಸಾಪ್ ಗುಂಪಿಗೆ ಒಂದು ಆಜ್ಞೆ ಹೊರಡಿಸಿದ್ದೆ. ಹಬ್ಬದ ಹಿಂದಿನ ಸಂಜೆಯ ಬಿರುಗಾಳಿಗೆ ಹರವೆ ಕಡೆ ನಾಲ್ಕು ಕಂಬ ಉರುಳಿದ್ದವು. ಊರಿನ ಕುಡಿಯುವ ನೀರಿನ ಮೋಟಾರಿಗೆ ಬೇರೆ ಲೈನಿನಿಂದ ಹೇಗೋ ಕರೆಂಟ್ ಕೊಟ್ಟಿದ್ದೆವು. ಅದು ಎಷ್ಟು ಹೊತ್ತು ತಡೆಯುತ್ತದೋ ಹೇಳುವಂತಿರಲಿಲ್ಲ. ಕಂಬ ನಿಲ್ಲಿಸಲು ಕಡಿಮೆಯೆಂದರೂ ಆರು ಜನ ಬೇಕು. "ನಾಳೆ ಬೆಳಿಗ್ಗೆ ಏಳಕ್ಕೆ ಎಲ್ಲರೂ ಕಡ್ಡಾಯವಾಗಿ ಹಾಜರಿರತಕ್ಕದ್ದು" ಎಂದು ಬರೆದೆ. ನಾಳೆ ಎಂದರೆ ಯುಗಾದಿಯ ಮಾರನೆಯ ದಿನ, ವರ್ಷದ ತೊಡಕು. ನಮ್ಮ ಕಡೆ ಅವತ್ತು ಮನೆ ಮನೆಯಲ್ಲೂ ಬಾಡೂಟ. ಸ್ವತಃ ಮಂತ್ರಿಗಳು ಕರೆದರೂ ಯಾರೂ ಕದಲುವುದಿಲ್ಲ. ಎಲ್ಲರೂ ಸಂದೇಶ ನೋಡಿದ್ದರು. ಹೆಬ್ಬೆರಳು ಎತ್ತಿ ತೋರಿಸಿದ್ದು ಒಬ್ಬರೇ, ಆಫೀಸಿನ ಅಟೆಂಡರ್ ಸಿದ್ದಪ್ಪ. ಅವರು ಕಂಬ ಹತ್ತುವವರಲ್ಲ.

ಆ ಬಟ್ಟಲನ್ನು ನೋಡುತ್ತಾ ಕೂತವನಿಗೆ ಶಶಿಕಲಾ ಮೇಡಂ ನೆನಪಾದರು. ನೆನಪಾದರು ಎಂದರೆ ಹೊಟ್ಟೆ ಉರಿಯಿತು ಎಂದೇ ಅರ್ಥ. ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು?

ಮೇಡಂ ಗುಂಡ್ಲುಪೇಟೆಯವರು. ನನಗಿಂತ ಸರ್ವೀಸಿನಲ್ಲಿ ಐದು ವರ್ಷ ಚಿಕ್ಕವರು, ಹುದ್ದೆಯಲ್ಲಿ ಆಗ ಸಮ. ಒಂದೇ ಕಟ್ಟಡದಲ್ಲಿ ಅವರದೊಂದು ಸೆಕ್ಷನ್, ನನ್ನದೊಂದು. ದೊಡ್ಡ ಕೆಲಸ ಬಂದಾಗ ಇಬ್ಬರಿಗೂ ಅದೇ ಆಳುಗಳು. ಅವರಲ್ಲಿ ಒಂದು ಅಭ್ಯಾಸವಿತ್ತು. ಸಿಕ್ಕವರನ್ನೆಲ್ಲ ಏನಾದರೊಂದು ಕೇಳುತ್ತಿದ್ದರು. ಪುಟ್ಟಸ್ವಾಮಿಯ ಮನೆಯ ಹಿತ್ತಲಿನ ನುಗ್ಗೆಸೊಪ್ಪು, ಸ್ಟೋರ್ ಕೀಪರ್ ಡಬ್ಬಿಯಿಂದ ಒಂದು ಹೋಳು ನಿಂಬೆಕಾಯಿ ಉಪ್ಪಿನಕಾಯಿ. ಸಂತೆಮರಹಳ್ಳಿಯಿಂದ ಬರುವ ಲೈನ್‌ಮನ್ ಒಬ್ಬನಿಗೆ ಸಂತೆಯಿಂದ ಬದನೆ ಬೀಜ ತಂದುಕೊಡಲು ಹೇಳಿದ್ದರು. ಆ ಮನುಷ್ಯ ಬೀಜ ತಂದದ್ದಲ್ಲದೆ ಗಿಡ ಎಷ್ಟುದ್ದ ಬಂತು, ಹೂ ಬಿಟ್ಟಿತೇ ಎಂದು ವಾರಕ್ಕೊಮ್ಮೆ ವಿಚಾರಿಸುತ್ತಿದ್ದ. ನನ್ನ ಯೋಗಕ್ಷೇಮವನ್ನು ಅವನು ಒಂದು ದಿನವೂ ವಿಚಾರಿಸಿದವನಲ್ಲ.

ನಾನು ಹುಟ್ಟಿ ಬೆಳೆದದ್ದು ಹರದನಹಳ್ಳಿಯಲ್ಲಿ. "ಇನ್ನೊಬ್ಬರ ಮನೆ ಬಾಗ್ಲಲ್ಲಿ ಕೈ ಒಡ್ಬ್ಯಾಡ ಕಣ್ಲಾ" ಎಂದು ನನ್ನವ್ವ ಹೇಳುತ್ತಿದ್ದಳು. ನಾನು ಅದನ್ನು ಅಕ್ಷರಶಃ ಪಾಲಿಸಿದವನು. ಯಾರ ಹಂಗಿಗೂ ಬೀಳದೆ ಬರೀ ಕೊಟ್ಟೆ. ಆಯುಧಪೂಜೆಗೆ ಎಲ್ಲರಿಗೂ ನನ್ನ ಕೈಯಿಂದಲೇ ಸ್ವೀಟ್ ಬಾಕ್ಸು, ಸೈಟಿಗೆ ಹೋದರೆ ಟೀ, ಬನ್ನು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಇದೆಯಲ್ಲ, ಅದು ಸಾಲದ ವಿಷಯಕ್ಕೆ ಮಾತ್ರ ಎಂದುಕೊಂಡಿದ್ದೆ. ನಮ್ಮ ಆಫೀಸಿನಲ್ಲಿ ನಾನೇ ಅದರ ಮೊದಲ ಅರ್ಧವಾಗಿದ್ದೆ.

ಮಧ್ಯೆ ನನ್ನನ್ನು ಮೈಸೂರಿಗೆ ಮೂರು ದಿನದ ತರಬೇತಿಗೂ ಕಳಿಸಿದರು. ಕೈಕೆಳಗಿನವರ ಮೇಲೆ ನಾಯಕನಾದವನು ಪ್ರಭಾವ ಬೀರುವುದು ಹೇಗೆ ಎಂಬುದೇ ಪಾಠ. ಹೆಸರು ಹಿಡಿದು ಕರೆಯಿರಿ, ದಿನಕ್ಕೊಬ್ಬರನ್ನು ಹೊಗಳಿ, ಹೆಗಲ ಮೇಲೆ ಕೈಯಿಡಿ ಎಂದರು. ಎಲ್ಲವನ್ನೂ ನೋಟ್ಸ್ ಮಾಡಿಕೊಂಡು ಸರ್ಟಿಫಿಕೇಟ್ ಸಮೇತ ಬಂದೆ. ಸೋಮವಾರ ಬೆಳಿಗ್ಗೆ ಪುಟ್ಟಸ್ವಾಮಿಯ ಹೆಗಲ ಮೇಲೆ ಕೈಯಿಟ್ಟು, ನಿಮ್ಮಂಥ ಕೆಲಸಗಾರರು ನಮ್ಮ ಸೆಕ್ಷನ್ನಿಗೇ ಹೆಮ್ಮೆ ಎಂದೆ. ಅವನ ಮುಖ ಸಣ್ಣಗಾಯಿತು.

"ಯಾವೂರ್ಗೆ ಹಾಕವ್ರೆ ಸಾ ನನ್ನ?" ಎಂದ. ವರ್ಗಾವಣೆಯ ಸುದ್ದಿಯನ್ನು ನಯವಾಗಿ ಹೇಳಲು ಬಂದಿದ್ದೇನೆಂದು ಅವನು ತಿಳಿದಿದ್ದ. ಇಲ್ಲವೆಂದು ನಂಬಿಸುವುದಕ್ಕೆ ಎರಡು ದಿನ ಬೇಕಾಯಿತು.

ಅದೇ ವರ್ಷ ವರ್ಷದ ತೊಡಕಿನ ದಿನವೇ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟಿತು. ನಾನು ಮೆಮೊ ಕಳಿಸಿದೆ, ಶಿಸ್ತುಕ್ರಮದ ಮಾತನ್ನೂ ಸೇರಿಸಿದೆ. ಬಂದವರು ಇಬ್ಬರು. ಮೇಡಂ ಪುಟ್ಟಸ್ವಾಮಿಯ ಮನೆಗೆ ನಡೆದುಕೊಂಡು ಹೋಗಿ, ಟ್ರಾನ್ಸ್‌ಫಾರ್ಮರಿನ ಸುದ್ದಿಯನ್ನೇ ಎತ್ತದೆ, ಅವನ ಹೆಂಡತಿ ಜಯಮ್ಮನ ಹತ್ತಿರ ನಿನ್ನೆಯ ಒಬ್ಬಟ್ಟಿನ ಸಾರು ಉಳಿದಿದೆಯೇ ಎಂದು ಕೇಳಿದರಂತೆ. ಆ ಸಾರು ಮಾರನೆಯ ದಿನಕ್ಕೇ ರುಚಿಯೆಂದು ನಿಮಗೂ ಗೊತ್ತು. ಇವತ್ತೆಲ್ಲ ಬಿಸಿಲಲ್ಲಿ ನಿಂತಿರಬೇಕು, ಮಧ್ಯಾಹ್ನದ ಅನ್ನಕ್ಕೆ ಒಂದು ಡಬ್ಬಿ ಹಾಕಿಕೊಡಮ್ಮ ಎಂದರಂತೆ. ಡಬ್ಬಿ ಹಿಡಿದು ಜೊತೆಗೆ ಹೊರಟವನು ಪುಟ್ಟಸ್ವಾಮಿ. ಅವನು ದಾರಿಯಲ್ಲಿ ಇನ್ನು ನಾಲ್ವರನ್ನು ಕೂಗಿದ. ನಾನು ಜೀಪಿನಲ್ಲಿ ಕೂತು ಒಬ್ಬೊಬ್ಬರನ್ನೇ ಎಣಿಸಿದೆ, ನನ್ನ ಇಬ್ಬರೂ ಸೇರಿ ಏಳು ಜನ. ಅವತ್ತು ಏಳು ಮನೆಗಳಲ್ಲಿ ಬಾಡೂಟ ಸಂಜೆಗೆ ಆಯಿತು, ಯಾರೂ ಗೊಣಗಲಿಲ್ಲ. ಮೇಡಂ ಅದೇ ವರ್ಷ ಬಡ್ತಿ ಸಿಕ್ಕಿ ಗುಂಡ್ಲುಪೇಟೆಗೆ ಹೋದರು. ಬೀಳ್ಕೊಡುಗೆಯಲ್ಲಿ ಗಂಡಸರು ಕಣ್ಣೊರೆಸಿಕೊಂಡರು. ನಾನು ಹಾರ ಹಾಕಿದೆ.

ಬಡ್ತಿಗಿಂತ ನನ್ನನ್ನು ಹೆಚ್ಚು ಸುಟ್ಟದ್ದು ಇನ್ನೊಂದು. ಊರಿನವರನ್ನೆಲ್ಲ ಏನೇನೋ ಕೇಳಿದ ಆ ಹೆಂಗಸು ನನ್ನನ್ನು ಒಂದು ಗುಂಡುಸೂಜಿಯನ್ನೂ ಕೇಳಿರಲಿಲ್ಲ. ಕೊಡುವುದರಲ್ಲಿ ನಾನು ಯಾರಿಗೆ ಕಡಿಮೆ? ಹೋದ ವರ್ಷ ಗುಂಡ್ಲುಪೇಟೆಯಲ್ಲಿ ಮೀಟಿಂಗ್ ಮುಗಿದು ಟೀ ಕುಡಿಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ಲೋಟ ಕೆಳಗಿಟ್ಟು ನಕ್ಕರು.

"ಕೇಳಿದ್ದೆ ಸಾರ್. ನಾನು ಕ್ವಾರ್ಟರ್ಸಿಗೆ ಬಂದ ಮೊದಲನೇ ವಾರ. ಮನೇಲಿ ಹೆಪ್ಪಿರಲಿಲ್ಲ, ಒಂದು ಚಮಚ ಸಿಕ್ತದಾ ಅಂದೆ. ನೀವು ಅಂಗಡಿಯಿಂದ ಅರ್ಧ ಲೀಟರ್ ಪ್ಯಾಕೆಟ್ ತರಿಸಿ ಸಿದ್ದಪ್ಪನ ಕೈಲಿ ಕಳಿಸಿದ್ರಿ." ಲೋಟ ಮತ್ತೆ ಕೈಗೆತ್ತಿಕೊಂಡು ಹೇಳಿದರು: "ನಾನು ಕೇಳಿದ್ದು ನಿಮ್ಮ ಮನೇದು ಸಾರ್."

ಬೇಸರದಿಂದ ಹೇಳಿದ ಮಾತಲ್ಲ ಅದು. ಆಮೇಲೆ ಜಯಮ್ಮನ ಮನೆಯಿಂದ ಹೆಪ್ಪು ತಂದುಕೊಂಡೆ ಎಂದು ಹೇಳಿ ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸಿದರು. ಚಾಮರಾಜನಗರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರಿಗೆ ಕೊಡಬಹುದಾಗಿದ್ದ ಉತ್ತರಗಳನ್ನು ಕಟ್ಟಿದೆ. ಒಂದೂ ಚೆನ್ನಾಗಿರಲಿಲ್ಲ.

ಇಷ್ಟೆಲ್ಲ ನೆನೆಯುತ್ತಾ ಕೂತರೆ ಹೊತ್ತು ನಿಲ್ಲುತ್ತದೆಯೇ? ಬಟ್ಟಲು ಹಿಡಿದು ಹಿಂದಿನ ಸಾಲಿಗೆ ಹೊರಟಾಗ ಸೂರ್ಯ ಮುಳುಗಿದ್ದ. ಸತ್ಯ ಹೇಳಬೇಕೆಂದರೆ, ಹೆಪ್ಪು ಕೇಳಿದಂತೆ ಮಾಡಿ ನಾಳೆಯ ಕೆಲಸ ಗಿಟ್ಟಿಸುವ ಲೆಕ್ಕಾಚಾರ ನನ್ನ ತಲೆಯಲ್ಲಿತ್ತು. ಮೇಡಂ ಮಾಡಿದ್ದನ್ನು ನಾನೂ ಮಾಡಿಯೇನು ಎಂಬ ಜಂಬ. ಪುಟ್ಟಸ್ವಾಮಿಯ ಬಾಗಿಲಿಗೆ ಬಂದಾಗ ಆ ಜಂಬ ಇಳಿದುಹೋಯಿತು. ಐವತ್ತು ದಾಟಿದ ಗಂಡಸಿಗೆ ಒಂದು ಚಮಚ ಮೊಸರು ಕೇಳಲು ನಾಲಿಗೆ ಏಳಲಿಲ್ಲ. ಬಟ್ಟಲನ್ನು ಬೆನ್ನ ಹಿಂದೆ ಹಿಡಿದು ನಿಂತೆ. ಪುಟ್ಟಸ್ವಾಮಿ ಎದ್ದು ಬಂದು, ಏನಾಯ್ತು, ಯಾರನ್ನಾದರೂ ಕಳಿಸಿದ್ದರೆ ನಾನೇ ಬರುತ್ತಿರಲಿಲ್ಲವೇ ಎಂದು ಗಾಬರಿಯಾದ.

"ಒಸಿ ಹೆಪ್ಪು ಬೇಕಾಗಿತ್ತು ಕಣಪ್ಪ" ಎಂದೆ. ನನ್ನ ಬಾಯಲ್ಲಿ ಬಂದದ್ದು ನನ್ನವ್ವನ ಮಾತು, ಆಫೀಸಿನ ಮಾತಲ್ಲ.

ಜಯಮ್ಮ ಬಟ್ಟಲು ಈಸಿಕೊಳ್ಳಲು ಕೈ ಚಾಚಿದವಳು ಹಿಂದಕ್ಕೆ ತೆಗೆದಳು. "ದೀಪ ಹಚ್ಬುಟ್ಟೆ ಕಣಿ ಸಾ. ಇನ್ ಕೊಡಬಾರ್ದು, ಅದ್ರಲ್ಲೂ ಹಬ್ಬದ್ ದಿನ."

ಪರವಾಗಿಲ್ಲ ಎಂದು ತಿರುಗಿದೆ. ಆ ಎರಡು ಹೆಜ್ಜೆ ನಡೆಯುವಾಗ ನಾಳೆ ನೆಡಬೇಕಾದ ನಾಲ್ಕು ಕಂಬಗಳೂ ನನ್ನ ಹೆಗಲ ಮೇಲಿದ್ದವು. ಅಷ್ಟರಲ್ಲಿ ಜಯಮ್ಮ ಹಿಂದಿನಿಂದ ಕರೆದಳು.

"ತಡೀರಿ ಸಾ. ಇದು ನಮ್ದಲ್ಲ ಬುಡಿ. ನಮ್ದು ಕೆಟ್ಟೋದಾಗ ಮೇಡಮ್ಮಾರ್ ತಾವ ಇಸ್ಕಂಡಿದ್ದು. ಶಶಿಕಲಾ ಮೇಡಮ್ಮಾರ್ ಹೆಪ್ಪು ಅಂತ್ಲೇ ಕೊಡ್ತೀನಿ, ತಕ್ಕೋಗಿ."

ಹೀಗೆ, ಎರಡು ವರ್ಷದ ಹಿಂದೆ ಊರು ಬಿಟ್ಟುಹೋದವರ ಹೆಸರಿನಲ್ಲಿ ನನಗೆ ಹೆಪ್ಪು ಸಿಕ್ಕಿತು. ನನ್ನ ಹೆಸರಿಗೆ ಸಿಗಲಿಲ್ಲ. ಬೇಡ ಎಂದು ಬಿಟ್ಟುಬಂದೇನೆಂಬಷ್ಟು ಉರಿ ಎದ್ದಿತು. ಆದರೂ ಬಟ್ಟಲು ಒಡ್ಡಿದೆ. ನಾಳೆಯ ಮಾತು ಎತ್ತಲು ನಾಚಿಕೆಯಾಗಿ ಗೇಟಿನ ಕಡೆ ನಡೆದೆ. ಪುಟ್ಟಸ್ವಾಮಿ ಗೇಟಿನ ತನಕ ಬಂದ. ಬಟ್ಟಲು ತುಳುಕೀತು, ನೋಡಿಕೊಂಡು ನಡೆಯಿರಿ ಎಂದ. ಆಮೇಲೆ ತಾನಾಗಿಯೇ ಹೇಳಿದ: "ನಾಳೆ ಆರ್ಗೇ ಹೊಂಟೋಗನ ಸಾ. ಬಿಸ್ಲು ಏರೋಕ್ ಮುಂಚೆ ಎರಡ್ ಕಂಬನಾರ ನಿಲ್ಸ್‌ಬುಡ್ಬೋದು."

ಮಾರನೆಯ ದಿನ ಐದು ಜನ ಬಂದರು. ಏಳಲ್ಲ, ಐದು. ಆರನೆಯವನಾಗಿ ನಾನೇ ಹಗ್ಗ ಹಿಡಿದೆ, ಅಂಗೈ ಸುಲಿಯಿತು. ನಾಲ್ಕೂ ಕಂಬ ನಿಲ್ಲಿಸಿ, ಮೂರು ಗಂಟೆಗೆ ಹರವೆಯಿಂದ ಮನೆಗೆ ಬಂದು ಊಟಕ್ಕೆ ಕೂತೆ. ಮೊಸರು ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿತ್ತು, ಹುಳಿಯೂ ಹದ. ನಮ್ಮ ಮನೆಯಲ್ಲಿ ಅಂಥ ಮೊಸರು ಆದ ನೆನಪಿಲ್ಲ. ಆ ಹೆಂಗಸಿಗೆ ಇದೂ ಚೆನ್ನಾಗಿ ಬರಬೇಕೆ ಎಂದುಕೊಂಡೇ ಎರಡನೆಯ ಸಲ ಬಡಿಸಿಕೊಂಡೆ.

ಹೆಂಡತಿ ಪಾತ್ರೆಯ ತಳದಿಂದ ಒಂದು ಚಮಚ ಎತ್ತಿ ಅದೇ ಸ್ಟೀಲ್ ಬಟ್ಟಲಿಗೆ ಹಾಕಲು ಹೋದಳು, ಇನ್ನು ಯಾರನ್ನೂ ಕೇಳುವ ಗೋಜು ಬೇಡ ಎನ್ನುತ್ತಾ. ನಾನು ತಟ್ಟೆ ಮುಂದೆ ಹಿಡಿದೆ.

"ಎತ್ತಿಡಬೇಡ, ಅದನ್ನೂ ಹಾಕು" ಎಂದೆ. "ನಾಳೆ ದೀಪ ಹಚ್ಚೋಕೆ ಮುಂಚೆ ಹೋಗಿ ಕೇಳ್ಕೊಂಡು ಬರ್ತೀನಿ."