ಮೀನಿಲ್ಲದ ಸಂತ ನಿಕೋಲಾ

ರುಮೆಂಕಾ ಕೂತದ್ದನ್ನು ಕಂಡವರು ನಮ್ಮ ಪಿರೋತ್ ಊರಿನಲ್ಲಿ ಕಡಿಮೆ. ಊಟವನ್ನೂ ಅವಳು ನಿಂತೇ ಮಾಡುತ್ತಿದ್ದಳು. ಒಂದು ಕೈಯಲ್ಲಿ ಬ್ರೆಡ್ಡಿನ ತುಂಡು, ಇನ್ನೊಂದು ಕೈಯಲ್ಲಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ. ಹಗಲೆಲ್ಲ ಕಾರ್ಖಾನೆಯಲ್ಲಿ ಇಟಲಿಯವರ ಪ್ಯಾಂಟುಗಳಿಗೆ ಜಿಪ್ಪು ಹೊಲಿಯುವಾಗ ಕೂರಲೇಬೇಕಲ್ಲ, ಆ ಕೂತದ್ದರ ಬಡ್ಡಿಯನ್ನು ಮನೆಯಲ್ಲಿ ನಿಂತು ತೀರಿಸುತ್ತೇನೆ ಎನ್ನುತ್ತಿದ್ದಳು. ಗಂಡ ಯೆಲೆಂಕೊ ಇದಕ್ಕೆ ತದ್ವಿರುದ್ಧ. ಟಯರು ಕಾರ್ಖಾನೆಯಿಂದ ನಿವೃತ್ತನಾದವನು, ಮಂಡಿನೋವಿನವನು, ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳದವನು. ಬಂದವರಿಗೆಲ್ಲ ಅವನದೊಂದು ಮಾತು: "ನಮ್ಮನೇಲಿ ಒಬ್ಬ ಕೂರೋಕೆ, ಒಬ್ಬಳು ನಿಲ್ಲೋಕೆ. ಒಂದು ಕುರ್ಚಿ ಉಳೀತು ನೋಡಿ."

ಪಿರೋತ್‌ನವರು ಜಿಪುಣರೆಂದು ಇಡೀ ಸರ್ಬಿಯಾ ನಗುತ್ತದೆ. ಪಿರೋತ್‌ನವನು ಪುಟ ತಿರುವುವಾಗ ಕನ್ನಡಕ ತೆಗೆದಿಡುತ್ತಾನೆ, ಗಾಜು ಸವೆಯದಿರಲಿ ಎಂದು. ಇಂಥವನ್ನು ನಮ್ಮ ಬಗ್ಗೆ ಹೇಳುವವರಲ್ಲಿ ನಾವೇ ಮುಂದು. ಆದ್ದರಿಂದಲೇ ನಮ್ಮೂರಲ್ಲಿ ಬಡವನಾಗಿರಬಹುದು, ಸಾಲಗಾರನಾಗಿರುವುದು ಕಷ್ಟ. ಬಡತನಕ್ಕೆ ದೇವರನ್ನು ದೂರಬಹುದು. ಸಾಲವಿದೆಯೆಂದು ತಿಳಿದರೆ, ಪಿರೋತ್‌ನವಳಾಗಿ ಲೆಕ್ಕ ಬರುವುದಿಲ್ಲವೇ ಎಂದು ಮೆಟ್ಟಿಲಿನಲ್ಲಿ ಎದುರಾದವರೂ ಕೇಳುತ್ತಾರೆ.

ರುಮೆಂಕಾಳಿಗೆ ಲೆಕ್ಕ ಬರುತ್ತಿತ್ತು. ಕರೆಂಟು ಅಗ್ಗವಿರುವ ನಸುಕಿನಲ್ಲೇ ಬಟ್ಟೆ ಒಗೆಯುವ ಯಂತ್ರ ತಿರುಗಬೇಕು. ಸಂತೆಗೆ ಹೋಗುವುದು ಅಂಗಡಿಯವರು ಗೋಣಿ ಮಡಚುವ ಹೊತ್ತಿಗೆ, ಅದೂ ಹೊಟ್ಟೆ ತುಂಬ ಉಂಡು. ಹಸಿದ ಕಣ್ಣು ಚೀಲ ದೊಡ್ಡದು ಮಾಡುತ್ತದೆ ಎಂಬುದು ಅವಳ ನಂಬಿಕೆ. ಸೆಪ್ಟೆಂಬರಿನಲ್ಲಿ ಕೆಂಪು ದೊಣ್ಣೆಮೆಣಸಿನಕಾಯನ್ನು ನಾಲ್ಕು ಮನೆಯವರು ಕೂಡಿ ಮೂಟೆಯಲ್ಲಿ ಕೊಂಡು, ಒಂದೇ ಒಲೆಯಲ್ಲಿ ಸುಟ್ಟು, ಚಳಿಗಾಲಕ್ಕೆಲ್ಲ ಗೊಜ್ಜು ಮಾಡಿ ಗಾಜಿನ ಭರಣಿಗೆ ತುಂಬುತ್ತಿದ್ದರು. ಕೋಟಿನ ಕಾಲರು ಸವೆದರೆ ಬಿಚ್ಚಿ ತಿರುವಿ ಹೊಲಿಯುತ್ತಿದ್ದಳು. ಇಷ್ಟೆಲ್ಲ ಮಾಡಿಯೂ ಅವಳ ಸಾಲ ತಗ್ಗುತ್ತಿರಲಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚುವವಳು, ವರ್ಷಕ್ಕೊಂದು ದಿನ ಮಾತ್ರ ಊರಿಗೆಲ್ಲ ಹಾಸಿಗೆ ಹಾಸುತ್ತಿದ್ದಳು.

ಅದು ಡಿಸೆಂಬರಿನ ಸಂತ ನಿಕೋಲಾನ ದಿನ. ಪ್ರತಿ ಮನೆಗೂ ಒಬ್ಬ ಸಂತ ಮನೆದೇವರು. ಆ ದೇವರ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಕಳಿಸುವುದೂ ಇಲ್ಲ. ಬಾಗಿಲು ತೆರೆದಿರುತ್ತದೆ, ಕಳೆದ ವರ್ಷ ಬಂದವನು ಈ ವರ್ಷವೂ ಬರುತ್ತಾನೆ, ಜೊತೆಗೆ ಅಳಿಯನನ್ನೂ ತರುತ್ತಾನೆ. ಮನೆಯ ಯಜಮಾನ ಆ ದಿನ ಕೂರುವಂತಿಲ್ಲ, ನಿಂತೇ ಬಡಿಸಬೇಕು. ಯೆಲೆಂಕೊಗೆ ಮಂಡಿನೋವಾದ್ದರಿಂದ ಆ ಕೆಲಸವೂ ಅವಳ ಪಾಲಿಗೇ ಬಂದಿತ್ತು. ಕ್ರಿಸ್‌ಮಸ್ಸಿನ ಮುಂಚಿನ ವ್ರತದ ಕಾಲ ಅದು, ಮಾಂಸವಿಲ್ಲ, ಹಾಲು ಮೊಟ್ಟೆ ಇಲ್ಲ, ಮೀನು ಮಾತ್ರ ಸಲ್ಲುತ್ತದೆ. ಯೆಲೆಂಕೊನ ತಾಯಿಯ ಕಾಲದಿಂದ ಆ ಮನೆಯ ಕೆಂಡದ ಮೀನಿಗೆ ಹೆಸರಿತ್ತು. ಆ ಹೆಸರನ್ನು ಸೊಸೆ ಉಳಿಸಿದಳು, ಬ್ಯಾಂಕಿನ ದುಡ್ಡಿನಲ್ಲಿ.

ಬ್ಯಾಂಕಿನವರು ಸಂಬಳದ ಖಾತೆಯಲ್ಲಿ ಸೊನ್ನೆಗಿಂತ ಕೆಳಗಿಳಿಯಲು ಬಿಡುತ್ತಾರಲ್ಲ, ಅದನ್ನು ನಾವು ಮೈನಸ್ಸು ಎನ್ನುತ್ತೇವೆ. ದುಡ್ಡು ಕೊಡುವ ಯಂತ್ರ ತೋರಿಸುವ ಅಂಕಿಯಲ್ಲಿ ತನ್ನ ದುಡ್ಡೂ ಬ್ಯಾಂಕಿನ ದುಡ್ಡೂ ಹಾಲುನೀರಿನಂತೆ ಬೆರೆತಿರುತ್ತವೆ. ಒಂದು ಡಿಸೆಂಬರಿನಲ್ಲಿ ಇಳಿದವಳು ಮತ್ತೆ ಮೇಲೆ ಬಂದಿರಲಿಲ್ಲ. ಸಂಬಳ ಬಂದ ದಿನವೇ ಅರ್ಧ ಆ ಹೊಂಡಕ್ಕೆ ಬೀಳುತ್ತಿತ್ತು, ತಿಂಗಳ ಕೊನೆಗೆ ಅವಳೇ ಅದನ್ನು ಮತ್ತೆ ತೋಡುತ್ತಿದ್ದಳು.

ಒಂದು ವರ್ಷ ಅವಳೊಂದು ಉಪಾಯ ಮಾಡಿದಳು. ಯೆಲೆಂಕೊಗೆ ಹುಷಾರಿಲ್ಲ ಎಂದು ಸುದ್ದಿ ಹಬ್ಬಿಸಿದಳು. ರೋಗಿಯಿರುವ ಮನೆಗೆ ಮಂದಿ ಕಡಿಮೆ ಬರುತ್ತಾರೆ, ಮೀನೂ ಕಡಿಮೆ ಸಾಕಾಗುತ್ತದೆ ಎಂಬ ಲೆಕ್ಕ. ಆದರೆ ಲೆಕ್ಕ ಅವಳೊಬ್ಬಳಿಗೇ ಬರುತ್ತದೆಯೇ? ರೋಗಿಯನ್ನು ನೋಡಲು ಹೋದರೂ ಒಂದು ಪೊಟ್ಟಣ ಕಾಫಿ ಒಯ್ಯಬೇಕು, ಮನೆದೇವರ ದಿನಕ್ಕೂ ಒಯ್ಯಬೇಕು. ಒಂದೇ ಪೊಟ್ಟಣದಲ್ಲಿ ಎರಡೂ ತೀರುವಾಗ ಯಾರು ಬಿಟ್ಟಾರು? ಎಂದೂ ಬಾರದಿದ್ದ ಟಯರು ಕಾರ್ಖಾನೆಯ ಇಡೀ ಪಾಳಿಯೇ ಬಂತು. ಯೆಲೆಂಕೊ ಹಾಸಿಗೆಯಲ್ಲಿ ಮಲಗಿ ನರಳುತ್ತ ಮೂರು ತಟ್ಟೆ ಮೀನು ತಿಂದ. ಅವಳು ಮಧ್ಯಾಹ್ನವೇ ಓಡಿ ಹೋಗಿ ಬ್ಯಾಂಕಿನ ಯಂತ್ರದಿಂದ ಮತ್ತಷ್ಟು ದುಡ್ಡು ತೆಗೆದು ಮೀನು ತಂದಳು.

ಮರುವರ್ಷ ನವೆಂಬರಿನ ಕೊನೆಗೆ ಬ್ಯಾಂಕಿನವರು ಕರೆಸಿದರು. ಕೌಂಟರಿನ ಹುಡುಗಿ ಮೆಲ್ಲಗೆ, ಅಕ್ಕಪಕ್ಕದವರಿಗೆ ಕೇಳಿಸದಂತೆ ಹೇಳಿದಳು: ಈ ಮೈನಸ್ಸನ್ನು ಇನ್ನು ಹೀಗೇ ಮುಂದುವರಿಸುವುದಿಲ್ಲ. ಒಂದೋ ಜಾಮೀನುದಾರನನ್ನು ತಂದು ಹೊಸದೊಂದು ದೊಡ್ಡ ಸಾಲಕ್ಕೆ ಇದನ್ನು ಸೇರಿಸಿ, ಮೇಲೆ ಹಬ್ಬದ ಖರ್ಚಿಗೂ ಸಿಗುತ್ತದೆ. ಇಲ್ಲವೇ ಹಬ್ಬದೊಳಗೆ ಒಂದು ಪಾಲು ಕಟ್ಟಿ, ಉಳಿದದ್ದನ್ನು ತಿಂಗಳು ತಿಂಗಳು ಇಳಿಸುತ್ತ ಬರೋಣ. ಎರಡೂ ಆಗದಿದ್ದರೆ ಮುಂದಿನ ಸಂಬಳ ಪೂರ್ತಿ ಒಳಗೆ ಹೋಗುತ್ತದೆ. ಸಂಬಳ ಹೋದರೆ ಚಳಿಗಾಲದ ಸೌದೆಗೆ ಅವಳು ಮುಂದಿನ ತಾರೀಕು ಹಾಕಿ ಕೊಟ್ಟಿದ್ದ ಚೆಕ್ಕುಗಳು ವಾಪಸಾಗುತ್ತವೆ, ಸೌದೆಯವನು ಬೀದಿಯಲ್ಲಿ ನಿಂತು ಕೂಗುತ್ತಾನೆ.

ಕಟ್ಟಬೇಕಾದ ಆ ಪಾಲು ಹೆಚ್ಚುಕಡಿಮೆ ಅವಳ ಭರಣಿಯಲ್ಲಿ ಇದ್ದಷ್ಟೇ. ಮೆಣಸಿನ ಗೊಜ್ಜಿನ ಸಾಲಿನ ಹಿಂದೆ, ಖಾಲಿ ಭರಣಿಯೊಂದರಲ್ಲಿ, ಬೇಸಿಗೆಯಿಂದ ಅವಳು ಮೀನಿಗೆಂದು ದಿನಾರ್ ಕೂಡಿಡುತ್ತಿದ್ದಳು. ಭರಣಿ ಮೀನಿಗೋ ಬ್ಯಾಂಕಿಗೋ? ಆ ವಾರ ಅವಳು ಮೂರು ಜಿಪ್ಪುಗಳನ್ನು ತಲೆಕೆಳಗಾಗಿ ಹೊಲಿದಳು.

ಮೀನಿನ ಕಡೆಗೇ ಮನಸ್ಸು ವಾಲಿತು. ಜಾಮೀನು ಕೇಳಲು ಕೂಮ್ ಚಾಸ್ಲಾವನ ಮನೆಗೆ ಹೊರಟಳು. ಕೂಮ್ ಎಂದರೆ ಮದುವೆಗೆ ಸಾಕ್ಷಿ ನಿಂತವನು, ನಮ್ಮಲ್ಲಿ ಒಡಹುಟ್ಟಿದವರಿಗಿಂತ ಹತ್ತಿರ. ಅವನು ಇಲ್ಲವೆನ್ನಬಾರದು, ನಾವೂ ಅವನಿಗೆ ಇಲ್ಲವೆನ್ನಬಾರದು. ನಿಶಾವಾ ಹೊಳೆಯ ಸೇತುವೆಯ ಮೇಲೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಎರಡು ಸಲ ಅರ್ಧ ದಾಟಿ ತಿರುಗಿದಳು, ಮೂರನೆಯ ಸಲ ದಾಟಿದಳು.

ಚಾಸ್ಲಾವನ ಹೆಂಡತಿ ಸೆವ್ದಾ ಕಾಫಿ ಮಾಡಲು ಇನ್ನೂ ಬಿಚ್ಚದ ಪೊಟ್ಟಣವೊಂದನ್ನು ತೆಗೆದಳು. ಅದರ ಹರಿದ ಮೂಲೆಗೆ ಪ್ಯಾಂಟಿನ ಬಿಳಿ ಲೇಬಲ್ಲೊಂದು ಅಂಟಿಕೊಂಡಿತ್ತು. ಅಂಟಿಸಿದವಳು ರುಮೆಂಕಾಳೇ, ಎರಡು ವರ್ಷದ ಹಿಂದೆ, ಯಾರದೋ ಹಬ್ಬಕ್ಕೆ ಒಯ್ಯುವಾಗ. ಊರಿನ ಮನೆಮನೆ ಸುತ್ತಿ, ಯಾರೂ ಕುಡಿಯದೆ, ಬಂದು ಇಲ್ಲಿ ಕೂತಿತ್ತು. ಆ ಕಾಫಿಗೆ ಘಮವೇ ಇರಲಿಲ್ಲ. ರುಮೆಂಕಾ ನಿಂತುಕೊಂಡೇ ಒಂದು ಗುಟುಕು ಕುಡಿದು ವಿಷಯ ಹೇಳಿದಳು.

ಚಾಸ್ಲಾವ್ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಕೂಮಾ, ನನ್ನ ಸಹಿಗೆ ಬೆಲೆ ಇದ್ದಿದ್ರೆ ನಾನೇ ಮೊದಲು ಬಳಸ್ಕೊಂಡಿರ್ತಿದ್ದೆ," ಎಂದ.

ಅವನ ಪಿಂಚಣಿಯಲ್ಲೂ ಬ್ಯಾಂಕಿನವರು ತಿಂಗಳು ತಿಂಗಳು ಸಾಲಕ್ಕೆ ಮುರಿದುಕೊಳ್ಳುತ್ತಿದ್ದರು. ಅವನ ಮನೆದೇವರು ಜನವರಿಯ ಸಂತ ಯೋವಾನ್, ಅಲ್ಲಿ ವ್ರತವಿಲ್ಲ, ಕುರಿ ಸುಡಬೇಕು. ಸೆವ್ದಾ ಏಪ್ರನ್ನಿಗೆ ಕೈ ಒರೆಸುತ್ತ, "ನಿಮ್ಮನೆ ಮೀನು ನೋಡಿ ಬಂದ ಮೇಲೆ ಒಂದು ಕುರಿ ಸಾಲಲ್ಲ ಅನ್ನಿಸ್ತು ಕಣೇ," ಎಂದಳು.

"ನಿಮ್ಮನೆ ಎರಡು ಕುರಿ ತಿಂದು ಬಂದೇ ನಾನು ಮೀನು ಜಾಸ್ತಿ ಮಾಡಿದ್ದು," ಎಂದಳು ರುಮೆಂಕಾ.

ಮೂವರೂ ನಕ್ಕರು. ಆ ನಗೆಯೂ ಆ ಕಾಫಿಯ ಹಾಗೆಯೇ ಇತ್ತು.

ಮನೆಗೆ ಬಂದವಳು ಭರಣಿ ಕೆಳಗಿಳಿಸಿ ಮೇಜಿನ ಮೇಲಿಟ್ಟಳು. ಈ ಸಲ ಮೀನಿಲ್ಲ, ಬೀನ್ಸ್ ಕಾಳು ಎಂದಳು. ಮೋಂಬತ್ತಿ, ಹಬ್ಬದ ರೊಟ್ಟಿ, ಬೇಯಿಸಿದ ಗೋಧಿ, ವೈನು, ಇಷ್ಟೇ ದೇವರಿಗೆ ಬೇಕಾದದ್ದು ಎಂದು ಪಾದ್ರಿ ವರ್ಷ ವರ್ಷ ಹೇಳುತ್ತಾರೆ, ನಾವು ವರ್ಷ ವರ್ಷ ತಲೆಯಾಡಿಸುತ್ತೇವೆ. ಯೆಲೆಂಕೊಗೆ ಸಿಟ್ಟು ಬಂತು. ಅವನು ಕುರ್ಚಿಯಿಂದ ಎದ್ದು ನಿಂತದ್ದೇ ಅದರ ಗುರುತು.

"ನಮ್ಮಮ್ಮನ ಮೀನು ತಿನ್ನೋಕೆ ಬರೋರಿಗೆ ಕಾಳು ಬಡಿಸ್ತೀಯಾ? ಊರು ಏನನ್ನುತ್ತೆ?"

"ಊರು ಅನ್ನುತ್ತೆ. ಬ್ಯಾಂಕು ಅನ್ನಲ್ಲ, ಕಿತ್ಕೊಳ್ಳುತ್ತೆ. ನಿಂಗೆ ಯಾವುದು ಬೇಕು ಹೇಳು."

ಅವನು ಮತ್ತೆ ಕುರ್ಚಿಗೆ ಹೋಗಿ ಕೂತ. ಅವಳು ಮರುದಿನ ಕಾರ್ಖಾನೆಗೆ ಹೋಗುವ ಮುಂಚೆ ಬ್ಯಾಂಕಿಗೆ ಹೋಗಿ ಭರಣಿಯ ದುಡ್ಡನ್ನೆಲ್ಲ ಕಟ್ಟಿಬಂದಳು.

ಕಟ್ಟಿದ ಮಾತ್ರಕ್ಕೆ ಮುಗಿಯಲಿಲ್ಲ. ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ಮೀನಂಗಡಿಯ ಮುಂದೆ ಹಾದುಹೋಗಬೇಕಾಯಿತು. ತೊಟ್ಟಿಯಲ್ಲಿ ದಪ್ಪ ದಪ್ಪ ಮೀನು ಒಂದರ ಮೇಲೊಂದು ಹೊರಳುತ್ತಿದ್ದವು. ಅಂಗಡಿಯವನು ಅವಳಿಗೆಂದು ಆಗಲೇ ಒಳ್ಳೆಯವನ್ನು ಬೇರೆ ಮಾಡಿದ್ದ. ದುಡ್ಡಿಗೇನು ಅವಸರ, ಹೊಸ ವರ್ಷ ಕಳೆದ ಮೇಲೆ ಕೊಡು ಎಂದ. ಅವಳು ಮುಂದೆ ಹೋದಳು. ಮೂಲೆಯಿಂದ ತಿರುಗಿ ಬಂದಳು. ತೊಟ್ಟಿಯ ಮುಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಳು. ಚೀಲ ಬಿಚ್ಚಿದಳು, ಮಡಚಿದಳು.

"ಆ ಮೀನನ್ನ ಬೇರೆಯೋರಿಗೆ ಕೊಟ್ಬಿಡಪ್ಪ," ಎಂದು ಹೇಳಿ, ಅವನು ಮತ್ತೆ ಬಾಯಿ ತೆರೆಯುವುದರೊಳಗೆ ಓಡುವ ಹಾಗೆ ನಡೆದಳು.

ಹಬ್ಬದ ದಿನ ಮೋಂಬತ್ತಿ ಹಚ್ಚಿದ್ದಾಯಿತು, ರೊಟ್ಟಿ ಮುರಿದದ್ದಾಯಿತು. ಈರುಳ್ಳಿ ಹಾಕಿ ಮಣ್ಣಿನ ಮಡಕೆಯಲ್ಲಿ ಬೇಯಿಸಿದ ಕಾಳು ಮೇಜಿಗೆ ಬಂತು, ಜೊತೆಗೆ ಹುಳಿ ಬರಿಸಿದ ಎಲೆಕೋಸು, ಮೆಣಸಿನ ಗೊಜ್ಜು, ಪ್ಲಮ್ ಹಣ್ಣಿನ ಸಾರಾಯಿ. ಇದು ಮೊದಲ ಸುತ್ತು, ಮೀನು ಹಿಂದೆ ಬರುತ್ತದೆ ಎಂದು ಎಲ್ಲರೂ ಹೊಟ್ಟೆಯಲ್ಲಿ ಜಾಗ ಬಿಟ್ಟುಕೊಂಡು ಉಂಡರು. ರುಮೆಂಕಾ ಅಡಿಗೆಮನೆಗೂ ಮೇಜಿಗೂ ನಡುವೆ ತಿರುಗುತ್ತಲೇ ಇದ್ದಳು. ಇಟ್ಟ ತಟ್ಟೆಯನ್ನು ತೆಗೆದಳು, ತೆಗೆದದ್ದನ್ನು ಇಟ್ಟಳು. ಯೆಲೆಂಕೊ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಕೊನೆಗೆ ಕೇಳಿದವಳು ಮೇಲಿನ ಮಹಡಿಯ ಲೆಪೊಸಾವಾ ಚಿಕ್ಕಮ್ಮ. ಇಡೀ ಕಟ್ಟಡಕ್ಕೆ ಅವಳು ಚಿಕ್ಕಮ್ಮ, ಇಡೀ ಕಟ್ಟಡ ಅವಳ ನಾಲಿಗೆಗೆ ಹೆದರುತ್ತಿತ್ತು. ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ, ಬಾಗಿಲ ಕಡೆ ನೋಡಿ, "ಏನೇ ಹುಡುಗೀ, ನಿನ್ನ ಮೀನು ಇನ್ನೂ ಹೊಳೇಲೇ ಈಜ್ತಿದೆಯಾ?" ಎಂದಳು.

ಒಂದಿಬ್ಬರು ನಕ್ಕರು. ರುಮೆಂಕಾ ಸೌಟು ಹಿಡಿದು ನಿಂತಲ್ಲೇ ನಿಂತಳು. ಇಡೀ ದಿನದಲ್ಲಿ ಅವಳ ಕಾಲು ನೆಲಕ್ಕೆ ಊರಿದ್ದು ಆಗ ಮಾತ್ರ.

"ಈ ಸಲ ಮೀನಿಲ್ಲ ಚಿಕ್ಕಮ್ಮ. ಹಿಂದಿನ ವರ್ಷಗಳಲ್ಲಿ ನೀವು ತಿಂದ ಮೀನಿನ ದುಡ್ಡನ್ನೇ ನಾನು ಇನ್ನೂ ಬ್ಯಾಂಕಿಗೆ ಕಟ್ತಿದ್ದೀನಿ."

ಟಯರು ಕಾರ್ಖಾನೆಯವನೊಬ್ಬ ತಾನು ತಂದ ಕಾಫಿ ಪೊಟ್ಟಣವನ್ನು ನೋಡಿದ, ತಂದದ್ದು ಕಡಿಮೆಯಾಯಿತೇ ಎಂಬಂತೆ. ಯೆಲೆಂಕೊನ ಕಿವಿ ಕೆಂಪಾಗಿತ್ತು. ಲೆಪೊಸಾವಾ ಚಿಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ತಟ್ಟೆ ಮುಂದೆ ಚಾಚಿದಳು.

"ಹಾಗಿದ್ರೆ ಇನ್ನೊಂದು ಸೌಟು ಹಾಕು. ಬಿಟ್ಟಿ ಅಂದ್ಕೊಂಡು ತಿಂದದ್ದು ಸಾಲದ್ದಾಯ್ತು, ಇದನ್ನಾದ್ರೂ ನೆಮ್ಮದಿಯಾಗಿ ತಿಂತೀನಿ."

ಎಲ್ಲರೂ ಹಾಗೆಂದರು ಎಂದರೆ ಸುಳ್ಳಾದೀತು. ಯೆಲೆಂಕೊನ ಸೋದರಸಂಬಂಧಿ ತನ್ನ ಅಳಿಯನೊಡನೆ ಬೇಗ ಎದ್ದು ಹೋದ, ಮತ್ತೆಂದೂ ಆ ದಿನಕ್ಕೆ ಬರಲಿಲ್ಲ. ರುಮೆಂಕಾಳಿಗೆ ಲೆಕ್ಕ ಬರುವುದಿಲ್ಲವಂತೆ ಎಂಬ ಮಾತು ಮೆಟ್ಟಿಲುಗಳಲ್ಲಿ ವಾರಗಟ್ಟಲೆ ಹರಿದಾಡಿತು. ಅದೇ ಮೆಟ್ಟಿಲುಗಳಲ್ಲಿ ಇಬ್ಬರು ಹೆಂಗಸರು ಬೇರೆ ಬೇರೆಯಾಗಿ ಅವಳನ್ನು ತಡೆದು, ಮೈನಸ್ಸು ಇಳಿಸಬೇಕೆಂದರೆ ಬ್ಯಾಂಕಿನಲ್ಲಿ ಯಾರನ್ನು ಕೇಳಬೇಕು ಎಂದು ಪಿಸುಮಾತಿನಲ್ಲಿ ವಿಚಾರಿಸಿದರು. ಸೌದೆಯವನ ಚೆಕ್ಕುಗಳು ಒಂದೂ ವಾಪಸಾಗಲಿಲ್ಲ. ಹೊಂಡ ಮುಚ್ಚಲು ಇನ್ನೂ ಬಹಳ ತಿಂಗಳು ಬೇಕಿತ್ತು, ಆದರೆ ಅದನ್ನು ಮತ್ತೆ ತೋಡುವ ಕೈ ನಿಂತಿತ್ತು.

ಆ ದಿನ ಮಂದಿ ಕರಗಿದ ಮೇಲೆ ಸೆವ್ದಾ ಅಡಿಗೆಮನೆಗೆ ಬಂದಳು. ಮಡಕೆಯ ತಳ ನೋಡಿದಳು. ಹೊರಗಿನ ಕೋಣೆಯಲ್ಲಿ ಚಾಸ್ಲಾವ್ ಕೆಮ್ಮುವುದು ಕೇಳುತ್ತಿತ್ತು.

"ಈ ಕಾಳು ಎಷ್ಟು ಹೊತ್ತು ನೆನಸಿದ್ಯೇ?"

"ಹಿಂದಿನ ದಿನವೇ ನೆನೆ ಹಾಕ್ಬೇಕು. ಈರುಳ್ಳಿ ಕಾಳಿನಷ್ಟೇ ಇರ್ಬೇಕು, ಕಂಜೂಸ್‌ತನ ಮಾಡ್ಬಾರ್ದು."

"ನಮ್ಮ ಸಂತ ಯೋವಾನನಿಗೆ ವ್ರತ ಇಲ್ವಲ್ಲ."

"ಕಾಳಿಗೊಂದು ಮೂಳೆ ಹಾಕು. ಒಂದು ಮೂಳೆಗೆ ಇಡೀ ಕುರಿ ಬೇಕಿಲ್ಲ."

ಸೆವ್ದಾ ತಲೆಯಾಡಿಸಿ, ಒಣಗಿದ ತಟ್ಟೆಗಳನ್ನು ಜೋಡಿಸತೊಡಗಿದಳು. ಬಾಗಿಲಲ್ಲಿ ಯೆಲೆಂಕೊ ನಿಂತಿದ್ದ. ಮಂಡಿಯ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ಕಿಟಕಿಯ ಪಕ್ಕದ ಆ ಕುರ್ಚಿ. ಅದನ್ನು ಎಳೆದು ತಂದು ಒಲೆಯ ಮುಂದೆ ಹಾಕಿದ.

"ಕೂತ್ಕೊಳ್ಳೇ ಸ್ವಲ್ಪ."

"ಇವತ್ತು ಕೂರಬಾರ್ದು, ಮನೆದೇವರ ದಿನ."

"ಹಾಗಾದ್ರೆ ನಾಳೆ?"

"ನಾಳೆ ಕೆಲಸ ಇದೆ," ಎಂದು ಅವಳು ಕುರ್ಚಿಯ ಬೆನ್ನಿಗೆ ಒದ್ದೆ ಒರೆಸುಬಟ್ಟೆ ಒಣಗಹಾಕಿ, ಮಡಕೆ ಉಜ್ಜಲು ಬಾಗಿದಳು.