ಕಣ್ಣಿರೋ ಹೋಳು

ಮೊನ್ನೆ ಬೀರು ಒರೆಸುವಾಗ ನನ್ನ ಬಿ.ಎ. ಚರಿತ್ರೆ ಪುಸ್ತಕ ಸಿಕ್ಕಿತು. ಈಜಿಪ್ಟಿನ ಪುಟ ತಾನಾಗಿಯೇ ತೆರೆದುಕೊಂಡಿತು. ಅಲ್ಲಿನ ದೇವರ ಹಣೆಯಲ್ಲಿ ಒಣಗಿದ ಕುಂಕುಮ. ಇಟ್ಟವರು ಪಕ್ಕದ ಮನೆ ಅಜ್ಜಿ...

ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹಾಲ್ಕುರಿಕೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದವನು. ಓದಿದ್ದನ್ನು ಯಾರಿಗಾದರೂ ಹೇಳದೆ ಊಟ ಸೇರುತ್ತಿರಲಿಲ್ಲ.

ಆಗ ಅಜ್ಜಿಯ ಮನೆಗೆ ಕಂದಿಕೆರೆಯಿಂದ ಹೊಸ ಸೊಸೆ ಬಂದಳು. ಜೊತೆಗೆ ಪುಟ್ಟ ಬಿದಿರು ಬುಟ್ಟಿಯಲ್ಲಿ ತವರಿನ ದೇವತೆ ಚೌಡಮ್ಮನನ್ನೂ ತಂದಳು. "ಈ ಮನೇಲಿ ವೀರಭದ್ರ ಒಬ್ನೇ ಕಣೇ" ಎಂದ ಅಜ್ಜಿ ಬುಟ್ಟಿಯನ್ನು ಕೊಬ್ಬರಿ ಅಟ್ಟಕ್ಕೆ ಏರಿಸಿಬಿಟ್ಟರು. ಸೊಸೆ ದಿನಾ ಏಣಿ ಹತ್ತಿ, ಒಣಕಾಯಿಗಳ ನಡುವೆ ದೀಪ ಹಚ್ಚಲು ಹೆದರಿ, ಬರೀ ಕೈಮುಗಿದು ಕಣ್ಣೊರೆಸಿಕೊಂಡು ಇಳಿಯುತ್ತಿದ್ದಳು. ನೋಡಲಾಗದೆ ಪುಸ್ತಕ ಹಿಡಿದು ಹೋದೆ.

"ಅಜ್ಜಿ, ಈಜಿಪ್ಟಲ್ಲಿ ಅಮುನ್, ರಾ ಅಂತ ಬೇರೆ ಬೇರೆ ದೇವ್ರಿದ್ರು. ಆಮೇಲೆ ಇಬ್ರನ್ನೂ ಸೇರ್ಸಿ ಅಮುನ್-ರಾ ಅಂತ ಪೂಜೆ ಮಾಡಿದ್ರು."

"ಸೇರ್ಸಿದ್ರೆ ನಮ್ಮಪ್ಪ ವೀರಭದ್ರ ಕರಗೋಗಲ್ವೇನ್ಲಾ?"

"ಇಲ್ಲ ಅಜ್ಜಿ. ಒಟ್ಟಿಗೂ ಇರ್ತಾರೆ, ಅವರವರ ಪಾಡಿಗೂ ಇರ್ತಾರೆ."

ನಂಬಲಿಲ್ಲ. ಚಿತ್ರ ತೋರಿಸಿದೆ. ದೇವರ ತಲೆಯ ಮೇಲೆ ಎರಡು ಉದ್ದನೆಯ ಪುಕ್ಕ, ಬುಡದಲ್ಲಿ ದುಂಡನೆಯ ಸೂರ್ಯ. ಅಜ್ಜಿ ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಅಯ್ಯೋ ಶಿವನೇ, ತೆಂಗಿನ ಗರಿ! ಬುಡದಾಗೆ ಕಾಯಿ! ಇವ್ನು ನಮ್ ಕಡೆಯೋನೇ ಬುಡು!"

ಕುಂಕುಮ ಇಟ್ಟೇಬಿಟ್ಟರು. ಅದು ಸೂರ್ಯ ಎನ್ನಲು ಓದಿದವನ ನಾಲಿಗೆ ತುರಿಸಿತು. ಏಣಿಯ ಮೇಲಿದ್ದ ಸೊಸೆ ಕಣ್ಣಲ್ಲೇ ಬೇಡಿಕೊಂಡಳು. ಬಾಯಿ ಮುಚ್ಚಿಕೊಂಡೆ.

ಚೌಡಮ್ಮ ಕೆಳಗಿಳಿದಳು. ಒಂದೇ ಕಳಶ, ಒಂದೇ ಪೂಜೆ. ಇಬ್ಬರ ಹೆಸರು ಸೇರಿಸಿ ಕರೆಯುವಾಗ ಮಾತ್ರ ವೀರಭದ್ರನೇ ಮುಂದು. ಇಬ್ಬರಿಗೂ ಸೇರಿ ಕಾಯಿ ಒಂದೋ ಎರಡೋ ಎಂದು ಅಜ್ಜಿ ಕೇಳಿದರು. ಪುಸ್ತಕದಲ್ಲಿ ಅದಿರಲಿಲ್ಲ. ಅಜ್ಜಿಯೇ ತೀರ್ಮಾನಿಸಿದರು: ಕಾಯಿ ಒಂದು. ಮೂರು ಕಣ್ಣಿರುವ ಹೋಳು ಬಲಕ್ಕೆ, ವೀರಭದ್ರನಿಗೆ. ಇನ್ನೊಂದು ಎಡಕ್ಕೆ, ಚೌಡಮ್ಮನಿಗೆ. ಅಂದಿನಿಂದ ಪೂಜೆಯ ಹೊತ್ತಿಗೆ ಜಗಲಿಯಿಂದ ಅಜ್ಜಿಯ ಕೂಗು ಕೇಳುತ್ತಿತ್ತು: "ಕಣ್ಣಿರೋ ಹೋಳು ಬಲಕ್ಕೆ ಕಣೇ, ನಿಂಗೆ ಕಣ್ಣಿಲ್ವಾ?"

ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು... ಪುಸ್ತಕ ತೋರಿಸೋಣವೆಂದು ಆ ಮನೆಗೆ ಹೋದೆ. ಸೊಸೆಗೂ ಈಗ ತಲೆ ನರೆತಿದೆ. ಪೂಜೆ ನಡೆದಿತ್ತು. ಒಡೆದ ಕಾಯಿಯನ್ನು ನನ್ನ ಕೈಗೆ ಕೊಟ್ಟಳು. ಮಾತಿನ ಗುಂಗಿನಲ್ಲಿ ಹೋಳುಗಳನ್ನು ಹೇಗೋ ಇಟ್ಟೆ.

"ಕಣ್ಣಿರೋ ಹೋಳು ಬಲಕ್ಕೆ ಕಣ್ಲಾ, ನಿಂಗೆ ಕಣ್ಣಿಲ್ವಾ?"

ಥಟ್ಟನೆ ಜಗಲಿಯ ಕಡೆ ತಿರುಗಿದೆ. ಜಗಲಿ ಖಾಲಿ... ಗದರಿದ್ದು ಸೊಸೆ.