ಬಾಗಿಲ ಪಕ್ಕದ ಖಾಲಿ ಚೌಕ

"ಅಮ್ಮಾ, ನಾನು ಲಿಂಫೊ, ಅದಕ್ಕೇ ನೀನು ಮಾಲಿಂಫೊ. ಪಕ್ಕದ್ಮನೆ ಅಜ್ಜಿ ಮಾತೆಬೆಲ್ಲೊ. ಹಾಗಾದ್ರೆ ತೆಬೆಲ್ಲೊ ಎಲ್ಲಿ?"

ಏಳು ವರ್ಷದ ಲಿಂಫೊ ಇದನ್ನು ಕೇಳಿದ್ದು ಶನಿವಾರ ಬೆಳಿಗ್ಗೆ, ಎರಡು ಕೈತುಂಬ ಸಗಣಿ ಹಿಡಿದು ನಿಂತು. ತಾಯಿ ಪುಲೆಂಗ್, ಕೊರಕಲಿನಿಂದ ತಂದ ಕೆಮ್ಮಣ್ಣನ್ನು ಜರಡಿ ಹಿಡಿಯುತ್ತಿದ್ದಳು.

"ಮೊದಲು ಅದನ್ನ ಬಕೆಟ್ಟಿಗೆ ಹಾಕು. ಆಮೇಲೆ ಹೇಳ್ತೀನಿ."

ಆಮೇಲೆ ಹೇಳಲಿಲ್ಲ. ನಾಲ್ಕು ವರ್ಷದ ಖೋಟ್ಸೊ ನೀರಿನ ಡಬ್ಬ ಉರುಳಿಸಿಬಿಟ್ಟ, ಮಾತು ಅಲ್ಲಿಗೇ ಹೋಯಿತು.

ಪುಲೆಂಗ್ ಎಂಬುದು ತವರಿನ ಹೆಸರು. ಆ ಗುಡ್ಡದ ಊರಿನಲ್ಲಿ ಅವಳನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಮದುವೆಯಾಗಿ ಬಂದ ದಿನ ಗಂಡನ ಮನೆಯವರು ಕುರಿ ಕೊಯ್ದು, ಮುಂದೆ ಹುಟ್ಟಬೇಕಾದ ಮಗುವಿಗೆ ಲಿಂಫೊ ಎಂದು ಹೆಸರು ಗೊತ್ತುಮಾಡಿ, ಇವಳನ್ನು ಮಾಲಿಂಫೊ, ಅಂದರೆ ಲಿಂಫೊಳ ತಾಯಿ ಮಾಡಿಬಿಟ್ಟಿದ್ದರು. ಎರಡನೆಯ ವರ್ಷ ಲಿಂಫೊ ನಿಜವಾಗಿಯೂ ಬಂದಳು, ಹೆಸರು ಸರಿಹೋಯಿತು. ಬೇಲಿಯಾಚೆಯ ಮಾತೆಬೆಲ್ಲೊಗೂ ಹಾಗೆಯೇ ಕುರಿ ಕೊಯ್ದಿದ್ದರು, ಮೂವತ್ತೆಂಟು ವರ್ಷದ ಹಿಂದೆ. ತೆಬೆಲ್ಲೊ ಬರಲಿಲ್ಲ. ಹೆಸರು ಮಾತ್ರ ಉಳಿಯಿತು. ಊರೆಲ್ಲ ದಿನಕ್ಕೆ ಹತ್ತು ಸಲ ಕೂಗುತ್ತಿತ್ತು, ಆಕೆ ಹತ್ತು ಸಲವೂ ಓಗೊಡುತ್ತಿದ್ದರು.

ಈಗ ಆ ಊರಿನಲ್ಲಿ ಅರ್ಧಕ್ಕರ್ಧ ಸಿಮೆಂಟಿನ ಗೋಡೆಗಳು. ಪುಲೆಂಗ್‌ಳ ಮನೆಯೂ ಹಾಗೆಯೇ ಆಗಿದೆ. ಆದರೂ ಮಳೆಗಾಲ ಮುಗಿದು ಗಾಳಿ ಒಣಗಿದರೆ ಸಾಕು, ಅವಳ ಮೂಗಿಗೆ ಆ ಶನಿವಾರಗಳ ವಾಸನೆ ಬರುತ್ತದೆ: ಹಸಿ ಮಣ್ಣು, ಸಗಣಿ, ಒಲೆಯ ಮೇಲಿನ ಹುಳಿಗಂಜಿ. ಆಗೆಲ್ಲ ಈಸ್ಟರಿಗೆ ಗಂಡಸರು ಗಡಿಯಾಚೆಯ ಗಣಿಗಳಿಂದ ರಜೆಗೆ ಬರುವಷ್ಟರಲ್ಲಿ ಮಳೆ ತೊಳೆದುಹಾಕಿದ ಗೋಡೆಗಳೆಲ್ಲ ಮತ್ತೆ ಎದ್ದು ನಿಲ್ಲಬೇಕಿತ್ತು. ಅದಕ್ಕೆ ನಾಲ್ಕು ಶನಿವಾರ. ಮೊದಲ ಶನಿವಾರ ಅಂಗಳದ ಕಳೆ, ಜೊಂಡಿನ ಬೇಲಿಯ ರಿಪೇರಿ, ಪೀಚ್ ಗಿಡದ ಸುತ್ತ ಕಲ್ಲು ಜೋಡಿಸುವುದು. ಆಮೇಲೆ ಮಣ್ಣು. ಮಕ್ಕಳಿಗೆ ಮಣ್ಣು ತುಳಿಯುವ ಕೆಲಸ. ಮೊಣಕಾಲಿನ ತನಕ ಕೆಸರು ಮಾಡಿಕೊಂಡು ಅವು ಹಾರಿದ್ದೇ ಹಾರಿದ್ದು. ಹಾಗೆ ಹದ ಬಂದ ಮಣ್ಣು ಕೈಯಿಂದ ಕಲಸಿದರೆ ಬರುತ್ತಿರಲಿಲ್ಲ.

ಪುಲೆಂಗ್‌ಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಪೇಟೆಯ ಸಿಮೆಂಟ್ ಮನೆಯಲ್ಲಿ ಬೆಳೆದವಳು. ಅಲ್ಲಿ ಶನಿವಾರವೆಂದರೆ ಅಕ್ಕತಂಗಿಯರು ಸಾಲಾಗಿ ಮೊಣಕಾಲೂರಿ ಜಗಲಿಗೆ ಕೆಂಪು ಪಾಲಿಶ್ ತಿಕ್ಕುವುದು, ಅಪ್ಪ ಅದರ ಮೇಲೆ ಚಪ್ಪಲಿ ಹಾಕಿಕೊಂಡು ಬಂದು ಬೈಸಿಕೊಳ್ಳುವುದು. ಇಲ್ಲಿಗೆ ಬಂದ ಮೊದಲ ವರ್ಷ, ಅತ್ತೆ ತೀರಿಕೊಂಡು ಹೇಳಿಕೊಡುವವರಿಲ್ಲದೆ, ಇಡೀ ಗೋಡೆಗೆ ಒಂದೇ ಉಸಿರಿನಲ್ಲಿ ಮಣ್ಣು ಮೆತ್ತಿ ಸೊಂಟ ನೆಟ್ಟಗೆ ಮಾಡಿಕೊಳ್ಳುವಾಗ ಬೇಲಿಯ ಸಂದಿನಿಂದ ಒಂದು ಹುಲ್ಲಿನ ಟೋಪಿ ಒಳಗೆ ಬಂತು. ಟೋಪಿಯ ಕೆಳಗೆ ಮಾತೆಬೆಲ್ಲೊ.

"ಇದೇನು ಪೇಟೆಯವಳೇ, ಬ್ರೆಡ್ಡಿಗೆ ಜಾಮ್ ಹಚ್ಚಿದ ಹಾಗೆ ಹಚ್ಚಿದ್ದೀಯ. ಚಿತ್ತಾರ ಯಾವಾಗ ಗೀರ್ತೀಯ, ಕ್ರಿಸ್‌ಮಸ್ಸಿಗಾ?"

"ಒಣಗಿದ ಮೇಲೆ ಗೀರೋದಲ್ವಾ ಮ್ಮೆ?"

"ಒಣಗಿದ ಮೇಲೆ ಉಳಿ ಸುತ್ತಿಗೆ ತಗೊಂಡು ಬಾ, ನಾನೂ ನೋಡ್ತೀನಿ."

ದೊಡ್ಡ ಹೆಂಗಸರನ್ನು ಮ್ಮೆ ಎನ್ನದೆ ಮಾತಾಡಿಸಿದರೆ ಆ ಊರಿನಲ್ಲಿ ನಾಯಿಯೂ ತಿರುಗಿ ನೋಡುವುದಿಲ್ಲ. ಅಂದಿನಿಂದ ಮ್ಮೆ ಮಾತೆಬೆಲ್ಲೊ ಶನಿವಾರಗಳ ಯಜಮಾನಿಯಾದರು. ಕೈಗೆಟುಕುವಷ್ಟು ಗೋಡೆಗೆ ಮಾತ್ರ ಮಣ್ಣು ಮೆತ್ತಬೇಕು, ಹಸಿ ಇರುವಾಗಲೇ ಚೌಕ ಹೊಡೆಯಬೇಕು, ಒಂದೊಂದು ಚೌಕದಲ್ಲಿ ಒಂದೊಂದು ಎಲೆ, ಎಲ್ಲ ಎಲೆಯ ತುದಿಯೂ ದಾರಿಯ ಕಡೆಗೆ. ಒಂದು ತಿರುಗಿದರೂ ಸಾಲು ಕುಂಟುತ್ತದೆ. ಗೀರಲು ಆಕೆಯ ಏಪ್ರನ್ ಜೇಬಿನಲ್ಲಿ ಒಂದು ಹಳೆಯ ಫೋರ್ಕು ಇರುತ್ತಿತ್ತು. ನಾಲ್ಕು ಹಲ್ಲಿನಲ್ಲಿ ಒಂದು ಮುರಿದಿತ್ತು. ಊರಿನ ಗೋಡೆಗಳ ಮೇಲೆಲ್ಲ ನಾಲ್ಕು ನಾಲ್ಕು ಗೀರು, ಮಾತೆಬೆಲ್ಲೊರ ಗೋಡೆಯ ಮೇಲೆ ಮೂರು. ಬಸ್ಸಿನಿಂದ ಇಳಿದವರು ದೂರದಿಂದಲೇ ಗುರುತು ಹಿಡಿಯುತ್ತಿದ್ದರು.

ಮಕ್ಕಳಿಗೆ ಅವರೆಂದರೆ ಪ್ರಾಣ. ಬೈಗುಳವೂ ಸಿಹಿಗೆಣಸೂ ಒಂದೇ ಜೇಬಿನಿಂದ ಬರುತ್ತಿದ್ದವು.

"ಖೋಟ್ಸೊ, ಮಣ್ಣು ತುಳಿ ಅಂದೆ, ತಿನ್ನು ಅನ್ನಲಿಲ್ಲ."

"ತಿಂತಿಲ್ಲ ಅಜ್ಜಿ, ರುಚಿ ನೋಡ್ತಿದ್ದೀನಿ."

"ಹೇಗಿದೆ?"

"ಉಪ್ಪು ಕಡಿಮೆ."

ಅವರ ಗೋಡೆಯ ಮೇಲೆ ಪುಲೆಂಗ್ ಮೊದಲ ವರ್ಷವೇ ಗಮನಿಸಿದ್ದು ಒಂದಿತ್ತು. ಬಾಗಿಲಿನ ಬಲಕ್ಕೆ, ಒಂದು ಮಗು ನಿಂತರೆ ಅದರ ಎದೆಯ ಎತ್ತರಕ್ಕೆ, ಒಂದು ಚೌಕ ಖಾಲಿ. ಮಣ್ಣು ನುಣ್ಣಗೆ ಮೆತ್ತಿದೆ, ಸುತ್ತ ಗೆರೆಯೂ ಇದೆ, ಒಳಗೆ ಎಲೆಯಿಲ್ಲ. ಕೇಳಿದ್ದಕ್ಕೆ, "ಅದು ಹಾಗೇ" ಎಂದಿದ್ದರು. ನಲ್ಲಿಯ ಹತ್ತಿರ ಹೆಂಗಸರು ಹೇಳಿದರು: ಆ ಮನೆಯ ಪದ್ಧತಿ ಅದು. ಬಾಗಿಲ ಪಕ್ಕದ ಚೌಕ ಹಿರಿಯ ಮಗುವಿಗೆ. ಅದರ ಕೈಗೆ ಮೊದಲ ಸಲ ಫೋರ್ಕು ಕೊಡುವುದು ಅಲ್ಲಿ. ಮಾತೆಬೆಲ್ಲೊ ಸೊಸೆಯಾಗಿ ಬಂದ ವರ್ಷ ತೆಬೆಲ್ಲೊಗೆಂದು ಅದನ್ನು ಬಿಟ್ಟರು, ಆಮೇಲೆ ಗಂಡ ಗಣಿಯಲ್ಲಿ ತೀರಿಕೊಂಡ ವರ್ಷವೂ ಬಿಟ್ಟರು, ತಲೆ ನರೆತ ಮೇಲೂ ಬಿಟ್ಟರು. ಇದನ್ನು ತಿಳಿದ ಮೇಲೆ ಪುಲೆಂಗ್ ಆ ಕಡೆ ಕಣ್ಣು ಹಾಯಿಸುವುದನ್ನೇ ನಿಲ್ಲಿಸಿದಳು. ಮಕ್ಕಳಿಗೆ ಮಾತ್ರ ಹೇಳಲಿಲ್ಲ. ಹೇಳಬೇಕಿತ್ತು.

ಲಿಂಫೊ ಪ್ರಶ್ನೆ ಕೇಳಿದ ಆ ಶನಿವಾರ ಮೂರನೆಯದು. ಮ್ಮೆ ಮಾತೆಬೆಲ್ಲೊರ ಬೆರಳ ಗೆಣ್ಣುಗಳು ಆ ವರ್ಷ ಊದಿಕೊಂಡಿದ್ದವು. ಅದಕ್ಕೇ ತನ್ನ ಮನೆಯ ಮಣ್ಣನ್ನು ಬೇಗ ಮುಗಿಸಿ ಪುಲೆಂಗ್ ಮಕ್ಕಳೊಂದಿಗೆ ಅವರ ಅಂಗಳಕ್ಕೆ ಹೋದಳು. ಇವಳು ಮೆತ್ತಿದಳು, ಅವರು ಗೀರಿದರು. ಬಾಗಿಲ ಪಕ್ಕಕ್ಕೆ ಬಂದಾಗ ಎಂದಿನಂತೆ ಒಂದು ಚೌಕ ಬಿಟ್ಟು ಮುಂದೆ ಹೋದರು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಮುದ್ದೆ ತಿರುವಲು ಒಳಗೆ ಹೋದರು. ಪುಲೆಂಗ್ ಮನೆಯ ಹಿಂದೆ ಕೈ ತೊಳೆಯುತ್ತಿದ್ದಳು.

"ಅಮ್ಮಾ," ಖೋಟ್ಸೊ ಓಡಿ ಬಂದ, "ಅಜ್ಜಿ ಒಂದು ಮರ್ತಿದ್ರು. ಲಿಂಫೊ ಹಾಕಿಬಿಟ್ಳು."

ಬಂದು ನೋಡಿದರೆ ಮುಗಿದೇಹೋಗಿತ್ತು. ಕಲ್ಲಿನ ಮೇಲಿಟ್ಟಿದ್ದ ಫೋರ್ಕು ಲಿಂಫೊಳ ಕೈಯಲ್ಲಿ. ಖಾಲಿ ಚೌಕದೊಳಗೆ ಮೂರು ಮೂರು ಗೀರಿನ ಒಂದು ಎಲೆ, ಸೊಟ್ಟಗೆ, ತುದಿ ತಪ್ಪು ದಿಕ್ಕಿಗೆ. ಹುಡುಗಿ ನಾಲಿಗೆಯನ್ನು ಇನ್ನೂ ತುಟಿಯ ಮೂಲೆಯಲ್ಲೇ ಇಟ್ಟುಕೊಂಡು ತನ್ನ ಕೆಲಸವನ್ನು ನೋಡುತ್ತಿದ್ದಳು. ಪುಲೆಂಗ್ ಆ ಕೈಗೆ ಒಂದು ಪೆಟ್ಟು ಕೊಟ್ಟಳು. ಫೋರ್ಕು ಬಿತ್ತು. ಮಣ್ಣು ಇನ್ನೂ ಹಸಿ. ಒದ್ದೆ ಅಂಗೈಯಿಂದ ಎರಡು ಸಲ ಸವರಿದರೆ ಏನೂ ಆಗಿಲ್ಲವೆಂಬಂತೆ ಮಾಡಬಹುದು. ಅಂಗೈ ಎತ್ತಿದಳು.

"ಕೈ ತೆಗಿ."

ಮ್ಮೆ ಮಾತೆಬೆಲ್ಲೊ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಮುದ್ದೆಯ ಕೋಲು.

"ಮಗೂಗೆ ಗೊತ್ತಿರಲಿಲ್ಲ ಮ್ಮೆ. ಈಗಲೇ ಅಳಿಸ್ತೀನಿ."

"ಯಾರು ಹೇಳಿದ್ರು ನಿಂಗೆ?" ಎಂದು ಅಜ್ಜಿ ಲಿಂಫೊಳನ್ನು ಕೇಳಿದರು.

"ಯಾರೂ ಇಲ್ಲ. ನೀವು ಬಿಟ್ಟು ಹೋಗಿದ್ರಿ," ಲಿಂಫೊ ಪೆಟ್ಟು ಬಿದ್ದ ಕೈ ಉಜ್ಜಿಕೊಳ್ಳುತ್ತ ಹೇಳಿದಳು. "ನನ್ನ ಕೈಗೆ ಎಟುಕ್ತು."

ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಮಧ್ಯಾಹ್ನವೆಲ್ಲ ಪುಲೆಂಗ್ ಬೇಲಿಯ ಈಚೆಗೆ ಇಲ್ಲದ ಕೆಲಸ ಹುಡುಕಿಕೊಂಡು ನಿಂತಳು. ಸಂಜೆಯೊಳಗೆ ಗೋಡೆ ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ಕೆತ್ತಿದರೂ ಕಲೆ ಉಳಿಯುತ್ತದೆ. ಮೂರು ಗಂಟೆಯ ಹೊತ್ತಿಗೆ ಮಾತೆಬೆಲ್ಲೊ ಹೊರಗೆ ಬಂದರು. ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಬಟ್ಟೆ. ಚೌಕದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಟ್ಟೆ ಅದ್ದಿದರು, ಹಿಂಡಿದರು. ಮತ್ತೆ ಅದ್ದಿದರು. ಬಿಸಿಲು ಬಾಗಿಲಿನಿಂದ ಕಿಟಕಿಗೆ ಸರಿಯುವ ತನಕ, ಗೋಡೆ ಮುಟ್ಟದೆ, ಕೂತೇ ಇದ್ದರು. ಕೊನೆಗೆ ಎದ್ದು, ಬಕೆಟ್ಟಿನ ನೀರನ್ನು ಪೀಚ್ ಗಿಡದ ಬುಡಕ್ಕೆ ಸುರಿದು, ಬಟ್ಟೆಯನ್ನು ಬೇಲಿಗೆ ಹಾಕಿ ಒಳಗೆ ಹೋದರು.

ಮಾರನೆಯ ದಿನ ಚರ್ಚಿನಲ್ಲಿ ಬೆಂಚು ಬದಲಾಯಿಸಿ ಕೂತಿದ್ದರು. ಪುಲೆಂಗ್ ತನ್ನ ಹಳೆಯ ಶಾಲಾ ನೋಟುಪುಸ್ತಕದಲ್ಲಿ ಪ್ರತಿ ಭಾನುವಾರ ವಾರದ ಕೆಲಸಗಳನ್ನು ಬರೆದಿಡುತ್ತಿದ್ದಳು. ಅಂದು ಬರೆದದ್ದು ಇಷ್ಟು: ಎರಡು ಗೋಡೆ ಮುಗಿಯಿತು. ಬೇಲಿಗೆ ಇನ್ನೂ ನಾಲ್ಕು ಕಟ್ಟು ಜೊಂಡು ಬೇಕು. ಮ್ಮೆ ಮಾತಾಡಲಿಲ್ಲ.

ವಾರವಿಡೀ ಬೇಲಿಯ ಸಂದಿನಿಂದ ಟೋಪಿ ಬರಲಿಲ್ಲ.

"ಅಜ್ಜಿಗೆ ನನ್ನ ಮೇಲೆ ಕೋಪಾನಾ?" ಲಿಂಫೊ ಕೇಳಿದಳು.

ಆಗ ಪುಲೆಂಗ್ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೊಪ್ಪು ಬಿಡಿಸುತ್ತ ಹೇಳಿದಳು. "ತೆಬೆಲ್ಲೊ ಹುಟ್ಟಲೇ ಇಲ್ಲ ಮಗಾ."

"ಹುಟ್ಟದೇ ಹೆಸರು ಹೇಗಿಟ್ರು?"

"ನಿಂಗೂ ಹುಟ್ಟೋಕೆ ಮುಂಚೆನೇ ಇಟ್ಟಿದ್ರು. ನೀನು ಬಂದೆ."

"ನಾನು ಬರ್ದೇ ಇದ್ದಿದ್ರೆ?"

ಪುಲೆಂಗ್ ಸೊಪ್ಪಿನಲ್ಲಿ ಕಡ್ಡಿ ಹುಡುಕಿದಳು. ಆ ಪ್ರಶ್ನೆಯ ಜೊತೆ ಮೂವತ್ತೆಂಟು ವರ್ಷ ಬದುಕುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಆ ಚೌಕ ಖಾಲಿ ಇದ್ದಷ್ಟು ದಿನ ಯಾರೋ ಬರುವುದು ಬಾಕಿ ಇತ್ತು. ಅದನ್ನು ತನ್ನ ಮಗಳು ಒಂದು ಮಧ್ಯಾಹ್ನ, ಊಟಕ್ಕೆ ಮುಂಚೆ, ತುಂಬಿಬಿಟ್ಟಿದ್ದಳು.

ನಾಲ್ಕನೆಯ ಶನಿವಾರ ಮೂವರೂ ತಲೆ ತಗ್ಗಿಸಿಕೊಂಡು ಅಂಗಳ ಗುಡಿಸುತ್ತಿದ್ದರು. ಆಗ ಜೊಂಡು ಸರಿಯಿತು. ಹುಲ್ಲಿನ ಟೋಪಿ, ಕಂಬಳಿ, ಕೊನೆಗೆ ಊದಿದ ಕೈಯಲ್ಲಿ ಬಟ್ಟೆ ಸುತ್ತಿದ ಫೋರ್ಕು.

"ಮಾಲಿಂಫೊ, ಒಂದು ಉಪಕಾರ ಆಗ್ಬೇಕಿತ್ತು."

"ಹೇಳಿ ಮ್ಮೆ." ಪುಲೆಂಗ್ ಪೊರಕೆ ಕೆಳಗಿಟ್ಟಳು.

"ಆ ಎಲೆ ಮನೆಯೊಳಗೆ ನೋಡ್ತಾ ಇದೆ. ಉಳಿದವೆಲ್ಲ ದಾರಿ ಕಡೆ, ಅದೊಂದು ಬಾಗಿಲ ಕಡೆ. ಎಂಟು ದಿನದಿಂದ ಹೋಗ್ತಾ ಬರ್ತಾ ನೋಡ್ತಿದ್ದೀನಿ. ತಪ್ಪು ತಪ್ಪೇ."

"ನಾನು ಬಂದು ಕೆತ್ತಿ, ಮತ್ತೆ ಮೆತ್ತಿ ಕೊಡ್ತೀನಿ."

"ನೀನು ಮುಟ್ಬೇಡ. ಅಳಿಸೋಕೆ ಮಳೆ ಇದೆ, ಅದರ ಕೆಲಸ ಅದು ಮಾಡ್ಕೊಳ್ಳುತ್ತೆ." ಅಜ್ಜಿ ಲಿಂಫೊಳ ಕಡೆ ನೋಡಲಿಲ್ಲ, ಫೋರ್ಕಿನ ಬಟ್ಟೆ ಬಿಚ್ಚಿ ಸುತ್ತಿದರು. "ಮುಂದಿನ ಸಲ ಆ ಚೌಕದಲ್ಲಿ ಎಲೆ ಸರಿಯಾಗಿ ಬರ್ಬೇಕು. ಶನಿವಾರ ಅರ್ಧ ದಿನ ಇವಳನ್ನ ನನ್ನ ಹತ್ರ ಕಳಿಸು. ಇವಳೊಬ್ಬಳನ್ನೇ. ನೀನು ಬೇಲಿ ಮೇಲಿಂದ ಇಣುಕ್ಬಾರ್ದು. ತಪ್ಪು ಮಾಡಿದ್ರೆ ನಾನೇ ಬೈತೀನಿ, ಕೈ ಮೇಲೆ ಕೊಡೋದಿದ್ರೆ ನಾನೇ ಕೊಡ್ತೀನಿ. ಅಳ್ತಾ ನಿನ್ನ ಹತ್ರ ಓಡಿ ಬರ್ತಾಳೆ, ಮಕ್ಕಳಲ್ವಾ. ಆಗ ಮಾತ್ರ ನೀನು ಸಮಾಧಾನ ಮಾಡೋಕೆ ಹೋಗ್ಬೇಡ. ವಾಪಸ್ ನನ್ನ ಹತ್ರಾನೇ ಕಳಿಸು, ಸಮಾಧಾನಾನೂ ನಾನೇ ಮಾಡ್ತೀನಿ. ಅಷ್ಟು ಮಾಡ್ತೀಯಾ?"